ಒಂದು ಕ್ರಮಸಂಖ್ಯೆಗಾಗಿ ಕಾದವರು



ಮೂರು ದಶಕಗಳಿಗೂ ಮಿಕ್ಕಿ ಶಾಲೆಯ ದಾಖಲಾತಿ ಪುಸ್ತಕಗಳನ್ನು ಬರೆದ ಕೈ ನನ್ನದು. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಜೂನ್ 1 ಎಂದು ಬರೆದುಬಿಟ್ಟ ಮೇಷ್ಟರುಗಳಲ್ಲಿ ನಾನೂ ಒಬ್ಬ. ಆ ದಿನಾಂಕದ ಲೆಕ್ಕದಲ್ಲಿಯೇ ನಿಮ್ಮಲ್ಲಿ ಕೆಲವರು ನೌಕರಿಗೆ ಸೇರಿ ನಿವೃತ್ತರೂ ಆಗಿದ್ದೀರಿ. ರಿಜಿಸ್ಟರಿನ ಒಂದು ಸಾಲಿಗೆ ಎಷ್ಟು ಬಲವಿದೆಯೆಂಬುದನ್ನು ಬಲ್ಲೆನೆಂದೇ ತಿಳಿದಿದ್ದೆ. ಜರ್ಮನಿಯ ಫ್ರಾಂಕೋನಿಯಾ ಪ್ರಾಂತ್ಯದ ಯಹೂದಿಗಳ ದಾಖಲೆಗಳ ವಿಚಾರವನ್ನು ಓದಿದ ಮೇಲೆ, ಬಲ್ಲದ್ದು ಅತ್ಯಲ್ಪವೆಂದು ಅರಿವಾಯಿತು.

ನೆಪೋಲಿಯನ್ನನ ಕಾಲದಲ್ಲಿ ಫ್ರಾಂಕೋನಿಯಾ ಬವೇರಿಯಾ ರಾಜ್ಯದ ವಶವಾಯಿತು. ಅಲ್ಲಿಯವರೆಗೆ ಸಣ್ಣಪುಟ್ಟ ಪ್ರಭುಗಳು ಹಣ ಪಡೆದು ಕೊಡುತ್ತಿದ್ದ ರಕ್ಷಣಾಪತ್ರವೇ ಯಹೂದಿಗಳಿಗೆ ಆಧಾರವಾಗಿತ್ತು. 1813ರ ಜೂನ್ 10ರಂದು ದೊರೆ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್ ಹೊಸ ಶಾಸನವನ್ನು ಹೊರಡಿಸಿದನು. ಅದರಂತೆ ಪ್ರತಿ ಯಹೂದಿ ಕುಟುಂಬವೂ 'ಮಾಟ್ರಿಕೆಲ್' ಎಂಬ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು. ಮನೆತನದ ಹೆಸರಿಲ್ಲದವರು ಹೊಸದೊಂದನ್ನು ಆರಿಸಿಕೊಳ್ಳಬೇಕು. ಹೆಸರಾಂತ ಕುಟುಂಬಗಳ ಹೆಸರನ್ನು ಮಾತ್ರ ಇಟ್ಟುಕೊಳ್ಳುವಂತಿರಲಿಲ್ಲ.

ನ್ಯೂರೆಂಬರ್ಗಿನ ಸರ್ಕಾರಿ ಪತ್ರಾಗಾರದಲ್ಲಿ ಮಧ್ಯ ಫ್ರಾಂಕೋನಿಯಾದ ಪಟ್ಟಿಗಳು ಉಳಿದುಬಂದಿವೆ. ಕ್ರಮಸಂಖ್ಯೆ, ಹಳೆಯ ಹೆಸರು, ಹೊಸ ಹೆಸರು, ಕಸುಬು: ನೋಡಲು ನಮ್ಮ ಹಾಜರಿ ಪುಸ್ತಕದಷ್ಟೇ ಸಾಧುವಾದ ಕಲಮುಗಳು. ಶಾಸನದಲ್ಲಿ ಒಳ್ಳೆಯ ಅಂಶಗಳೂ ಇದ್ದವೆನ್ನಬೇಕು. ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು, ಬೇಸಾಯಕ್ಕೂ ಕುಶಲಕರ್ಮಗಳಿಗೂ ಅವಕಾಶವಾಯಿತು. ಆದರೆ 12ನೆಯ ಕಲಮು ಎಲ್ಲವನ್ನೂ ಕಟ್ಟಿಹಾಕಿತು. ಯಾವ ಊರಿನಲ್ಲಿಯೂ ಯಹೂದಿ ಕುಟುಂಬಗಳ ಸಂಖ್ಯೆ ಹೆಚ್ಚಕೂಡದು. ಅತಿಯಾಗಿದ್ದರೆ ಕ್ರಮೇಣ ಕಡಿಮೆಯಾಗಬೇಕು. ಕಾರ್ಖಾನೆ ಸ್ಥಾಪಿಸುವವರು, ಕಸುಬುದಾರರು, ಸ್ವಂತ ಭೂಮಿಯನ್ನು ಉಳುವವರು ಮುಂತಾದವರಿಗೆ ಮಾತ್ರ ಅಪವಾದ.

ಇದರ ಪರಿಣಾಮವನ್ನು ಯೋಚಿಸಿರಿ. ಕ್ರಮಸಂಖ್ಯೆಯಿಲ್ಲದೆ ನೆಲೆಯಿಲ್ಲ, ನೆಲೆಯಿಲ್ಲದೆ ವಿವಾಹವಿಲ್ಲ. ಸಾಮಾನ್ಯವಾಗಿ ತಂದೆಯ ಸಂಖ್ಯೆ ಒಬ್ಬ ಮಗನಿಗೆ ಸಲ್ಲುತ್ತಿತ್ತು. ಮಿಕ್ಕವರು ಯಾರಾದರೂ ಸಾಯುವುದನ್ನೋ ಊರು ಬಿಡುವುದನ್ನೋ ಕಾಯಬೇಕು, ಇಲ್ಲವೇ ಸಂಖ್ಯೆಯುಳ್ಳ ವಿಧವೆಯನ್ನು ವರಿಸಬೇಕು. ನೆರೆಯವನ ಸಾವಿನಲ್ಲಿ ತನ್ನ ಮದುವೆಯ ಮುಹೂರ್ತವನ್ನು ಕಾಣುವ ಸ್ಥಿತಿಗೆ ಮನುಷ್ಯನನ್ನು ತಂದಿಟ್ಟ ಆ ಕಲಮನ್ನು ಬರೆದವರು, ವಿಚಿತ್ರವೆಂದರೆ, ತಮ್ಮನ್ನು ಸುಧಾರಕರೆಂದೇ ಎಣಿಸಿದ್ದರು.

ಅನೇಕ ತರುಣರು ಅಮೆರಿಕೆಯ ಹಡಗು ಹತ್ತಿದರು. ಬಾಂಬೆರ್ಗ್ ಸಮೀಪದ ಬುಟೆನ್‌ಹೈಮ್ ಎಂಬ ಹಳ್ಳಿಯಲ್ಲಿ 1829ರಲ್ಲಿ ಹುಟ್ಟಿದ ಲೋಬ್ ಸ್ಟ್ರೌಸ್ ಅಂಥವರಲ್ಲೊಬ್ಬ. ಊರೂರು ಸುತ್ತಿ ಸರಕು ಮಾರುತ್ತಿದ್ದ ತಂದೆ 1846ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಮೇಲೆ, ಮರುವರ್ಷ ತಾಯಿ ಮತ್ತು ಸಹೋದರಿಯರೊಡನೆ ನ್ಯೂಯಾರ್ಕಿನಲ್ಲಿದ್ದ ಅಣ್ಣಂದಿರ ಬಳಿಗೆ ಹೊರಟನು. ಆತನೇ ಮುಂದೆ ಲೀವೈ ಸ್ಟ್ರೌಸ್ ಆದನು. ನಿಮ್ಮ ಮೊಮ್ಮಕ್ಕಳು ತೊಡುವ ಜೀನ್ಸ್‌ನ ಮೂಲಪುರುಷ!

1861ರಲ್ಲಿ ಆ ನಿರ್ಬಂಧ ರದ್ದಾಯಿತು. 1871ರ ವೇಳೆಗೆ ಜರ್ಮನಿಯಲ್ಲೆಲ್ಲ ಯಹೂದಿಗಳು ಕಾನೂನಿನ ದೃಷ್ಟಿಯಲ್ಲಿ ಸಮಾನರಾದರು.

ನ್ಯೂರೆಂಬರ್ಗಿನ ಪಕ್ಕದ ಫ್ಯೂರ್ತ್ ಪಟ್ಟಣದಲ್ಲಿ ಲೂಯಿ ಕಿಸಿಂಜರ್ ಎಂಬ ಉಪಾಧ್ಯಾಯರಿದ್ದರು. ಬಾಲಿಕೆಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅವರ ಮನೆತನದ ಹೆಸರು ಆ 1813ರ ಶಾಸನದ ತರುವಾಯ ಪೂರ್ವಿಕರೊಬ್ಬರು ಕಿಸಿಂಗೆನ್ ಊರಿನಿಂದ ತೆಗೆದುಕೊಂಡದ್ದು. ನಾತ್ಸಿಗಳು 1933ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಒಬ್ಬ ಮೇಷ್ಟರು ಬೆಳಗಾಗೆದ್ದು ಶಾಲೆಗೆ ಹೋಗುವಂತಿಲ್ಲವೆಂದರೆ ಏನೆಂಬುದು ನನಗೆ ಗೊತ್ತು. ನಾನಾದರೋ ವಯಸ್ಸಾಗಿ, ಹಾರ ಹಾಕಿಸಿಕೊಂಡು ಬಂದವನು. 1938ರ ಆಗಸ್ಟಿನಲ್ಲಿ ಅವರ ಸಂಸಾರ ದೇಶ ಬಿಟ್ಟಿತು. ಆಗ 15 ವರ್ಷದವನಾಗಿದ್ದ ಮಗ ಹೆನ್ರಿ ಮುಂದೆ ಅಮೆರಿಕದ ವಿದೇಶಾಂಗ ಸಚಿವನಾದದ್ದು ನಿಮಗೆಲ್ಲ ತಿಳಿದಿದೆ.

ಅದೇ ಆಗಸ್ಟಿನಲ್ಲಿ ಇನ್ನೊಂದು ಆಜ್ಞೆ ಹೊರಟಿತು. ಸರ್ಕಾರ ಒಪ್ಪಿದ ಪಟ್ಟಿಯಲ್ಲಿಲ್ಲದ ಹೆಸರಿನ ಯಹೂದಿ ಗಂಡಸರೆಲ್ಲ 1939ರ ಜನವರಿ 1ರಿಂದ 'ಇಸ್ರೇಲ್' ಎಂದೂ, ಹೆಂಗಸರು 'ಸಾರಾ' ಎಂದೂ ತಮ್ಮ ಹೆಸರಿಗೆ ಸೇರಿಸಿಕೊಳ್ಳಬೇಕು. ಜನನದ ರಿಜಿಸ್ಟರುಗಳ ಅಂಚಿನಲ್ಲಿ ಗುಮಾಸ್ತರು ಅದನ್ನು ದಾಖಲಿಸಿದರು. ಯುದ್ಧ ಮುಗಿದ ಮೇಲೆ, ಆ ಸೇರ್ಪಡೆ ಅಸಿಂಧುವೆಂಬ ಟಿಪ್ಪಣಿಯನ್ನೂ ಅದೇ ಅಂಚಿನಲ್ಲಿ ಬರೆಯಲಾಯಿತು.