ನಿಧಿ ಮತ್ತು ನಿಕ್ಷೇಪ

ನೆನೆಯದೆ ಕೈಸೇರಿದ ಸಂಪತ್ತಿಗೆ ನಮ್ಮ ಹಿರಿಯರು ಬಳಸುತ್ತಿದ್ದ ‘ನಿಧಿ’ ಎಂಬ ಸಂಸ್ಕೃತಮೂಲದ ಶಬ್ದವು ನೆಲದೊಳಗೆ ಇರಿಸಲ್ಪಟ್ಟುದೆಂಬ ಮೂಲಾರ್ಥವನ್ನು ಎಲ್ಲಿಯೂ ಮರೆತಿಲ್ಲವೆಂಬುದಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯನ್ನಾಳಿದ ಕೆಳದಿಯರಸರ ಚರಿತ್ರೆಯೇ ಸಾಕ್ಷಿ. ಅವರ ದಾನಶಾಸನಗಳಲ್ಲಿ ಭೂಮಿಯೊಡನೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳೂ ಪ್ರತಿಗ್ರಹೀತನಿಗೆ ಸಲ್ಲುತ್ತಿದ್ದುವು. ನೇಗಿಲಿಗೆ ತಗುಲಬಹುದಾದ ಕೊಪ್ಪರಿಗೆಯ ಹಕ್ಕನ್ನು ಅದು ದೊರೆಯುವ ಮುನ್ನವೇ ಬರೆದುಕೊಟ್ಟ ಆ ಮುಂದಾಲೋಚನೆ ನನಗೆ ಅತ್ಯಂತ ಶ್ಲಾಘ್ಯವೆನಿಸುತ್ತದೆ.

ಆ ವಂಶದ ಉದಯವೂ ನಿಧಿಯಿಂದಲೇ ಎಂದು ಐತಿಹ್ಯವುಂಟು. ಚೌಡಪ್ಪ, ಭದ್ರಪ್ಪರೆಂಬ ಸೋದರರಿಗೆ ಹೊಲದಲ್ಲಿ ದ್ರವ್ಯವಿರುವುದು ತಿಳಿದಾಗ, ಅದನ್ನೆತ್ತಲು ನರಬಲಿ ಬೇಕೆನಲು, ಯಾದವ, ಮುರಾರಿಯೆಂಬ ಆಳುಗಳಿಬ್ಬರು ತಮ್ಮ ಹೆಸರುಳಿಯಲೆಂದಷ್ಟೇ ಬೇಡಿ ಪ್ರಾಣವಿತ್ತರಂತೆ. ಅರಸರ ಬಿರುದುಗಳಲ್ಲಿ ‘ಎಡವ ಮುರಾರಿ’ ಎಂಬುದು ನಿಂತಿತು. ಆಕಸ್ಮಿಕ ಭಾಗ್ಯಕ್ಕೂ ಯಾರೋ ಬೆಲೆ ತೆತ್ತಿರುವರೆಂಬ ಈ ಅರಿವು ಕಥೆಯನ್ನು ಬರಿಯ ಅದೃಷ್ಟದ ಕಥೆಗಳಿಂದ ಬೇರೆಯಾಗಿಸಿದೆ.

ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಸರಿದ ರಾಜಧಾನಿಯನ್ನು ಹೈದರಾಲಿಯು 1763ರಲ್ಲಿ ವಶಪಡಿಸಿಕೊಂಡಾಗ, ಮೆಣಸು, ಅಕ್ಕಿಗಳ ವ್ಯಾಪಾರದಿಂದ ತುಂಬಿದ್ದ ಭಂಡಾರವು ಅವನ ಪಾಲಾಯಿತು. ಉಳಿದುದು ಹೂತಿದೆಯೆಂಬ ನಂಬಿಕೆಯಿಂದ ಜನರು ಹಳೆಯ ಕೋಟೆ, ಗುಡಿಗಳ ನೆಲವನ್ನು ಅಗೆದು ಶಿಲ್ಪಗಳನ್ನು ಕೆಡಿಸಿರುವುದು ಶೋಚನೀಯ. 1878ರ ನಿಧಿ ಕಾನೂನು, ಹತ್ತು ರೂಪಾಯಿಗೆ ಮಿಕ್ಕ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸತಕ್ಕದ್ದೆಂದು ವಿಧಿಸಿತು.