ಸೆನೆಗಲ್‌ನ ಹಿಪ್‌ಹಾಪ್

ಪಶ್ಚಿಮ ಆಫ್ರಿಕದ ಸೆನೆಗಲ್‌ನಲ್ಲಿ, ಮುಖ್ಯವಾಗಿ ರಾಜಧಾನಿ ಡಕಾರ್‌ನಲ್ಲಿ, 1980ರ ದಶಕದ ಕೊನೆಯಿಂದ ಬೆಳೆದ ಸಂಗೀತ ಮತ್ತು ಯುವಸಂಸ್ಕೃತಿ. ವೊಲೊಫ್, ಫ್ರೆಂಚ್ ಇದರ ಪ್ರಧಾನ ಭಾಷೆಗಳು.

ಬೇರುಗಳು: 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಜಮೈಕ ಮೂಲದ ಡಿಜೆ ಕೂಲ್ ಹರ್ಕ್ ನಡೆಸಿದ ಕೂಟವನ್ನು ಹಿಪ್‌ಹಾಪ್‌ನ ಹುಟ್ಟೆಂದು ಗುರುತಿಸಲಾಗುತ್ತದೆ. ಆದರೆ ಲಯಕ್ಕೆ ಮಾತು ಪೋಣಿಸುವ ಕಲೆ ಸೆನೆಗಲ್‌ಗೆ ಹೊಸದಲ್ಲ. ವಂಶಗಳ ಕಥೆ ಹೇಳುವ ಗ್ರಿಯೋಗಳ ಪರಂಪರೆ ಅಲ್ಲಿ ಹಳೆಯದು. ಮದುವೆ, ನಾಮಕರಣಗಳಲ್ಲಿ ಹೆಂಗಸರು ಸಬಾರ್ ವಾದ್ಯದ ಬಡಿತಕ್ಕೆ ಸರಿಯಾಗಿ ಹೊಗಳಿಕೆ, ಚುಚ್ಚುಮಾತುಗಳನ್ನು ನುಡಿಯುವ ಪದ್ಧತಿಗೆ ‘ತಾಸು’ ಎಂದು ಹೆಸರು.

ಬೆಳವಣಿಗೆ: 1989ರಲ್ಲಿ ದಿದಿಯೆ ಅವಾದಿ ಮತ್ತು ಡಗ್ಗಿ ಟೀ ‘ಪಾಸಿಟಿವ್ ಬ್ಲ್ಯಾಕ್ ಸೋಲ್’ ತಂಡ ಕಟ್ಟಿದರು. ಡಕಾರ್‌ನಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದ ರ‍್ಯಾಪರ್ ಎಂಸಿ ಸೊಲಾರ್ ಈ ತಂಡಕ್ಕೆ ಫ್ರಾನ್ಸ್‌ನ ವೇದಿಕೆ ಒದಗಿಸಿದರು. ದಾರಾ ಜೆ ತಂಡ 2003ರ ತನ್ನ ಆಲ್ಬಮ್‌ಗೆ ‘ಬೂಮರಾಂಗ್’ ಎಂದೇ ಹೆಸರಿಟ್ಟಿತು. ಆಫ್ರಿಕದಲ್ಲಿ ಹುಟ್ಟಿದ ಕಲೆ ಸಾಗರದಾಚೆ ಬೆಳೆದು ತವರಿಗೆ ಮರಳಿತೆಂಬುದು ಅದರ ಭಾವ. ಗುಲಾಮಗಿರಿ ಸೀಳಿದ ಸಂಬಂಧವನ್ನು ಮತ್ತೆ ಹೆಣೆಯುವ ಹಂಬಲ ಈ ಹೆಸರಿನಲ್ಲಿದೆ.

ಸಾರ್ವಜನಿಕ ಜೀವನ: 2011ರಲ್ಲಿ ಕರ್ ಗಿ ತಂಡದ ರ‍್ಯಾಪರ್‌ಗಳು ಪತ್ರಕರ್ತರೊಡನೆ ‘ಯಾನ್ ಆ ಮಾರ್’ (ಸಾಕಾಗಿದೆ) ಚಳವಳಿ ಆರಂಭಿಸಿ, ಯುವಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಶ್ರಮಿಸಿದರು. 2012ರ ಚುನಾವಣೆಯಲ್ಲಿ ಅಧ್ಯಕ್ಷ ಅಬ್ದುಲಾಯ್ ವಾದ್ ಸೋತರು. 2013ರಲ್ಲಿ ಶುರುವಾದ ‘ಜುರ್ನಾಲ್ ರಪ್ಪೆ’ ಕಾರ್ಯಕ್ರಮದಲ್ಲಿ ರ‍್ಯಾಪರ್‌ಗಳಾದ ಕ್ಸುಮಾನ್ ಫ್ರೆಂಚ್‌ನಲ್ಲಿ, ಕೇತಿ ವೊಲೊಫ್‌ನಲ್ಲಿ ವಾರ್ತೆಗಳನ್ನೇ ರ‍್ಯಾಪ್ ಮಾಡಿದರು. ಫ್ರೆಂಚ್ ಬಾರದವರಿಗೂ ಸುದ್ದಿ ತಲುಪಿತು; ಈ ಕಲೆಯ ಹಿರಿಮೆ ಇದೇ.