ಎರಡು ಏಣಿಗಳ ದೇಶ

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ನಮ್ಮ ತವರಿನ ಗದ್ದೆಯ ವ್ಯಾಜ್ಯ ಮುನಸೀಫ್ ಕೋರ್ಟಿನಲ್ಲಿ ಹುಟ್ಟಿ, ಜಿಲ್ಲಾ ಕೋರ್ಟು ದಾಟಿ, ಹೈಕೋರ್ಟು ಮುಟ್ಟುವಷ್ಟರಲ್ಲಿ ಅಜ್ಜನ ಕಾಲ ಮುಗಿದು ಅಪ್ಪನ ಕಾಲ ಬಂದಿತ್ತು. ದಾರಿ ನಿಧಾನದ್ದಾದರೂ ಏಣಿ ಒಂದೇ ಎಂಬುದು ಮನೆಯ ಹೆಂಗಸರಿಗೂ ಗೊತ್ತಿತ್ತು. ರಾಜ್ಯದ ಕಾನೂನಿರಲಿ, ದೆಹಲಿಯ ಕಾನೂನಿರಲಿ, ನಾವು ಹತ್ತುವ ಮೆಟ್ಟಿಲು ಅವೇ. ತುದಿಯಲ್ಲಿ 1950ರಲ್ಲಿ ಆರಂಭವಾದ ಸುಪ್ರೀಂ ಕೋರ್ಟು.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಏಣಿಗಳು ಎರಡು. ಮಿಲ್ಡ್ರೆಡ್ ಲವಿಂಗ್ ಎಂಬ ಗೃಹಿಣಿಯ ಕಥೆ ಓದುವಾಗ ನನಗೆ ಈ ವ್ಯವಸ್ಥೆ ಅರ್ಥವಾಯಿತು.

ಆ ದೇಶ ಹುಟ್ಟುವ ಮೊದಲೇ ಅಲ್ಲಿನ ಹದಿಮೂರು ವಸಾಹತುಗಳಿಗೆ ತಮ್ಮ ತಮ್ಮ ಕೋರ್ಟುಗಳಿದ್ದವು. 1787ರಲ್ಲಿ ಸಂವಿಧಾನ ಬರೆದಾಗ ಅವನ್ನು ಬಿಟ್ಟುಕೊಡಲು ರಾಜ್ಯಗಳು ಸಿದ್ಧವಿರಲಿಲ್ಲ. ಹಾಗಾಗಿ ಸಂವಿಧಾನ ಒಂದು ಸುಪ್ರೀಂ ಕೋರ್ಟನ್ನು ಮಾತ್ರ ಹೆಸರಿಸಿ, ಅದರ ಕೆಳಗಿನ ಫೆಡರಲ್, ಅಂದರೆ ಒಕ್ಕೂಟದ ಕೋರ್ಟುಗಳನ್ನು ಸಂಸತ್ತಿಗೆ ಬಿಟ್ಟಿತು. 1789ರ ಕಾಯಿದೆ ಆರು ನ್ಯಾಯಾಧೀಶರ ಸುಪ್ರೀಂ ಕೋರ್ಟನ್ನೂ ಅದರ ಕೆಳಗಿನ ಕೋರ್ಟುಗಳನ್ನೂ ನಿಲ್ಲಿಸಿತು. ಇಂದು ಒಕ್ಕೂಟಕ್ಕೆ 94 ಜಿಲ್ಲಾ ಕೋರ್ಟುಗಳು, 13 ಮೇಲ್ಮನವಿ ಕೋರ್ಟುಗಳು, ಮೇಲೆ ಒಂಬತ್ತು ನ್ಯಾಯಾಧೀಶರ ಸುಪ್ರೀಂ ಕೋರ್ಟು. ಈ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ಜೀವನಪರ್ಯಂತ.

ಪಕ್ಕದಲ್ಲೇ ಐವತ್ತು ರಾಜ್ಯಗಳಿಗೂ ಒಂದೊಂದು ಸ್ವಂತ ಏಣಿ. ಮದುವೆ, ವಿಚ್ಛೇದನ, ಆಸ್ತಿ, ಕಳವು, ಕೊಲೆ, ಹೀಗೆ ದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೊಕದ್ದಮೆಗಳು ನಡೆಯುವುದು ಇಲ್ಲೇ. ಅನೇಕ ರಾಜ್ಯಗಳಲ್ಲಿ ಜಡ್ಜಿಗಳು ಚುನಾವಣೆಗೆ ನಿಂತು ವೋಟು ಕೇಳುತ್ತಾರೆ! ಹೆಸರುಗಳೂ ಗೊಂದಲವೇ. ನ್ಯೂಯಾರ್ಕಿನಲ್ಲಿ 'ಸುಪ್ರೀಂ ಕೋರ್ಟು' ಎಂದರೆ ವಿಚಾರಣೆ ನಡೆಯುವ ಕೆಳಗಿನ ಕೋರ್ಟು. ಅಲ್ಲಿನ ಅತ್ಯುನ್ನತ ಕೋರ್ಟಿನ ಹೆಸರು 'ಕೋರ್ಟ್ ಆಫ್ ಅಪೀಲ್ಸ್'. ರಾಜ್ಯದ ಕಾನೂನಿನ ಅರ್ಥ ಇದು ಎಂದು ರಾಜ್ಯದ ಅತ್ಯುನ್ನತ ಕೋರ್ಟು ಹೇಳಿದರೆ ಅದೇ ಕೊನೆಯ ಮಾತು. ಆದರೆ ಆ ಕಾನೂನು ದೇಶದ ಸಂವಿಧಾನಕ್ಕೆ ವಿರುದ್ಧವೆಂಬ ಪ್ರಶ್ನೆ ಎದ್ದರೆ ಅಲ್ಲಿಂದ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ದಾರಿಯಿದೆ. ಎರಡು ಏಣಿಗಳ ನಡುವಿನ ಸೇತುವೆ ಅದು.

ಆ ಸೇತುವೆ ದಾಟಿದವಳು ಮಿಲ್ಡ್ರೆಡ್. ಆಕೆ ಕಪ್ಪು ವರ್ಣದವಳು. ಗಂಡ ರಿಚರ್ಡ್ ಬಿಳಿಯ, ಗಾರೆ ಕೆಲಸದವ. 1958ರ ಜೂನ್‌ನಲ್ಲಿ ಅವರು ವಾಷಿಂಗ್ಟನ್ನಿನಲ್ಲಿ ಮದುವೆಯಾಗಿ ವರ್ಜೀನಿಯಾದ ತಮ್ಮೂರಿಗೆ ಮರಳಿದರು. ಐದಾರು ವಾರ ಕಳೆದಿತ್ತು. ಒಂದು ರಾತ್ರಿ ಷರೀಫ್ ಮಲಗುವ ಕೋಣೆಗೇ ನುಗ್ಗಿದ. ಗೋಡೆಯ ಮೇಲಿದ್ದ ಮದುವೆಯ ಸರ್ಟಿಫಿಕೇಟು ಇಲ್ಲಿ ನಡೆಯದು ಎಂದ. ಬಿಳಿಯರು ಬೇರೆ ವರ್ಣದವರನ್ನು ಮದುವೆಯಾಗಬಾರದೆಂದು ಆ ರಾಜ್ಯದ 1924ರ ಕಾನೂನು ಹೇಳುತ್ತಿತ್ತು. 1959ರಲ್ಲಿ ಜಡ್ಜಿ ಇಬ್ಬರಿಗೂ ಒಂದು ವರ್ಷ ಸಜೆ ವಿಧಿಸಿ, ರಾಜ್ಯ ಬಿಟ್ಟು ಹೋಗಿ ಇಪ್ಪತ್ತೈದು ವರ್ಷ ಜೊತೆಯಾಗಿ ಕಾಲಿಡದಿದ್ದರೆ ಜೈಲಿಲ್ಲ ಎಂದರು.

ವಾಷಿಂಗ್ಟನ್ನಿನ ಗಲ್ಲಿಯಲ್ಲಿ ಮೂವರು ಮಕ್ಕಳನ್ನು ಸಾಕುತ್ತ ಮಿಲ್ಡ್ರೆಡ್‌ಗೆ ತವರಿನ ನೆನಪು ತಡೆಯದಾಯಿತು. ಯಾವ ಹೆಣ್ಣಿಗೆ ಇದು ಅರ್ಥವಾಗದು, ಹೇಳಿ? 1963ರಲ್ಲಿ ಆಕೆ ದೇಶದ ಅಟಾರ್ನಿ ಜನರಲ್ ರಾಬರ್ಟ್ ಕೆನೆಡಿಗೆ ಪತ್ರ ಬರೆದಳು. ಅಲ್ಲಿಂದ ನಾಗರಿಕ ಸ್ವಾತಂತ್ರ್ಯದ ಸಂಘವೊಂದರ ವಿಳಾಸ ಸಿಕ್ಕಿತು, ಇಬ್ಬರು ತರುಣ ವಕೀಲರು ಮುಂದೆ ಬಂದರು.

ಶಿಕ್ಷೆ ಕೊಟ್ಟ ರಾಜ್ಯದ ಕೋರ್ಟಿಗೇ ಅವರು ಮೊದಲು ಅರ್ಜಿ ಹಾಕಿದರು. ಸುಮಾರು ಒಂದು ವರ್ಷ ಉತ್ತರವಿಲ್ಲ. 1964ರ ಅಕ್ಟೋಬರಿನಲ್ಲಿ ಎರಡನೆಯ ಏಣಿಯಾದ ಫೆಡರಲ್ ಜಿಲ್ಲಾ ಕೋರ್ಟಿನ ಬಾಗಿಲು ತಟ್ಟಿದರು. ಮೂರು ತಿಂಗಳಲ್ಲಿ ರಾಜ್ಯದ ಜಡ್ಜಿ ಬಾಯಿ ಬಿಟ್ಟರು: ಅರ್ಜಿ ವಜಾ, ದೇವರೇ ವರ್ಣಗಳನ್ನು ಬೇರೆ ಬೇರೆ ಇಟ್ಟಿದ್ದಾನೆ! ಫೆಡರಲ್ ಕೋರ್ಟು ತಾನಾಗಿ ತೀರ್ಪು ಕೊಡದೆ, ರಾಜ್ಯದ ಮೇಲಿನ ಕೋರ್ಟಿಗೆ ಮೊದಲು ಹೋಗಿ ಬರಲು ಅವಕಾಶ ಕೊಟ್ಟು ಕಾಯಿತು. 1966ರಲ್ಲಿ ಅಲ್ಲಿಯೂ ಆ ಕಾನೂನೇ ಸರಿಯೆಂದಾಯಿತು. ರಾಜ್ಯದ ಏಣಿ ಅಲ್ಲಿಗೆ ಮುಗಿಯಿತು, ಉಳಿದದ್ದು ಸೇತುವೆ.

1967ರ ಜೂನ್ 12ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯೂ ಒಮ್ಮತದಿಂದ ಹೇಳಿದರು: ಮದುವೆ ರಾಜ್ಯದ ಕಾನೂನಿನ ವಿಷಯವೇ ಇರಬಹುದು, ಆದರೆ ಸಮಾನತೆಯ ಹಕ್ಕನ್ನು ಮೀರುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲ. ಅಂಥ ಕಾನೂನು ಉಳಿಸಿಕೊಂಡಿದ್ದ ಹದಿನಾರು ರಾಜ್ಯಗಳಿಗೂ ಆ ಮಾತು ಅನ್ವಯಿಸಿತು.

ಎರಡು ಏಣಿಗಳ ವ್ಯವಸ್ಥೆ ಒಳ್ಳೆಯದೇ? ಬಡವರನ್ನು ಅಲೆಸುವುದು ನಿಜ. ಬಂಧನದಿಂದ ತೀರ್ಪಿನವರೆಗೆ ಒಂಬತ್ತು ವರ್ಷ ಹಿಡಿಯಿತು. ಆದರೆ ಊರಿನ ಜಡ್ಜಿಯೂ ಊರಿನ ಕಾನೂನೂ ಒಟ್ಟಾಗಿ ಬಾಗಿಲು ಹಾಕಿದಾಗ ತಟ್ಟಲು ಇನ್ನೊಂದು ಬಾಗಿಲಿತ್ತು. ಅದು ಸಣ್ಣ ಮಾತಲ್ಲ ಎನಿಸುತ್ತದೆ ನನಗೆ.

ರಿಚರ್ಡ್ ತಮ್ಮೂರಿನಲ್ಲಿ ತಾನೇ ಮನೆ ಕಟ್ಟಿದ. 1975ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಮಿಲ್ಡ್ರೆಡ್ 2008ರಲ್ಲಿ ಕಣ್ಣು ಮುಚ್ಚುವವರೆಗೂ ಆ ಮನೆಯಲ್ಲೇ ಬಾಳಿದಳು.